ಕರೆಂಟು ಯೋಜನೆಗೆ ಮಾರ್ಕ್ಸ್ ಕೊಡುವವರು ಯಾರು? ನಮ್ಮ ಜಿಲ್ಲೆಯವರು ಹೇಳಿ

ಬೆಟ್ಟದಮನೆ, ಶಿರಸಿ:

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿಯ ಕಾಲೇಜೊಂದರಲ್ಲಿ ಪಾಠ ಮಾಡುವವಳು. ಕೊನೆ ವರ್ಷದ ಮಕ್ಕಳು ಈ ಸಲ ಒಂದು ಪ್ರಾಜೆಕ್ಟ್ ಹಿಡಿದಿದ್ದಾರೆ. ಅಣುಸ್ಥಾವರ, ಅಣೆಕಟ್ಟು, ಸೋಲಾರ್, ಗೋಬರ್ ಗ್ಯಾಸ್ ಇವೆಲ್ಲ ಜನರ ಬದುಕಿನ ಜೊತೆ ಎಷ್ಟು ಕಾಲ ಹೊಂದಿಕೊಂಡು ಹೋಗುತ್ತವೆ ಅಂತ ಅಳೆಯಬೇಕು. ಇಂಗಾಲದ ಲೆಕ್ಕ, ದುಡ್ಡಿನ ಲೆಕ್ಕ ಬೇರೆಯವರು ಮಾಡುತ್ತಾರೆ. ನಮ್ಮದು ಜನರ ಲೆಕ್ಕ.

ಮಕ್ಕಳು ಎಲ್ಲಿಂದಲೋ ಒಂದು ಪಟ್ಟಿ ತಂದರು. ಎಷ್ಟು ಉದ್ಯೋಗ, ಅಪಘಾತದಲ್ಲಿ ಎಷ್ಟು ಸಾವು, ಜನರಿಗೆ ಎಷ್ಟು ಭಯ, ಜಗಳ ಏಳುವ ಸಾಧ್ಯತೆ ಎಷ್ಟು, ಬಡವರ ಬಿಲ್ಲು ಎಷ್ಟು. ಒಂದೊಂದಕ್ಕೂ 1ರಿಂದ 5 ಮಾರ್ಕ್ಸ್. ತಜ್ಞರು ಕೊಟ್ಟ ಮಾರ್ಕ್ಸ್ ಕೂಡಿಸಿ ಸರಾಸರಿ ತೆಗೆದು ರ‍್ಯಾಂಕ್ ಹಚ್ಚುವುದು. ಯುರೋಪಿನಲ್ಲಿ ಸುಮಾರಾಗಿ ಹೀಗೇ ಮಾಡಿದ್ದಾರಂತೆ. ವಿಶ್ವಸಂಸ್ಥೆಯ ಪರಿಸರ ವಿಭಾಗ 2009ರಲ್ಲಿ ಇಂಥದ್ದಕ್ಕೆ ಮಾರ್ಗಸೂಚಿಯನ್ನೂ ತಂದಿದೆ. ಕೆಲಸಗಾರರು, ಸ್ಥಳೀಯರು, ಬಳಸುವವರು, ಹೀಗೆ ಗುಂಪು ಗುಂಪಾಗಿ ನೋಡಿ ಅನ್ನುತ್ತದೆ ಅದು. 2020ರಲ್ಲಿ ತಿದ್ದುವಾಗ ಮಕ್ಕಳನ್ನೂ ಒಂದು ಗುಂಪಾಗಿ ಸೇರಿಸಿದರು. ಅಷ್ಟರ ಮಟ್ಟಿಗೆ ಒಳ್ಳೆಯದೇ.

ನನಗೆ ತಲೆಬಿಸಿ ಆಗಿರುವುದು ಆ ಸರಾಸರಿ. ಉದ್ಯೋಗಕ್ಕೆ 5, ಊರು ಮುಳುಗಿದ್ದಕ್ಕೆ 1, ಸರಾಸರಿ 3. ಮೂರು ಅಂದ್ರೆ ಪಾಸು! ಕೆಲಸ ಸಿಕ್ಕವರು ಒಬ್ಬರು, ಮುಳುಗಿದವರು ಇನ್ನೊಬ್ಬರು, ಅಲ್ವಾ? ಅವರಿಬ್ಬರನ್ನೂ ಕೂಡಿಸಿ ಭಾಗಿಸುವುದು ಯಾವ ಗಣಿತ?

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇಲ್ಲದ ಯೋಜನೆ ಇಲ್ಲ. ನಿಮ್ಮೂರಿನದನ್ನು ನೋಡಿಕೊಂಡು ಹೇಳಿ. ಪಟ್ಟಿಯಲ್ಲಿ ಇರಲೇಬೇಕಾದ ಪ್ರಶ್ನೆ ಯಾವುದು?

ಲೆಕ್ಕದ ಮೇಷ್ಟ್ರು, ಯಲ್ಲಾಪುರ (ಈಗ ಬೆಂಗಳೂರು):

ಮೇಡಂ, ಸರಾಸರಿಯನ್ನು ಬೈಯುವುದು ಸುಲಭ. ಸಂಖ್ಯೆ ಬಿಟ್ಟರೆ ಉಳಿಯುವುದು ಏನು? ಯಾರ ದನಿ ಜೋರೋ ಅವರ ಮಾತು ನಡೆಯುತ್ತದೆ.

ಒಂದು ಉದಾಹರಣೆ. ಒಂದು ಟೆರಾವಾಟ್ ಗಂಟೆ, ಅಂದರೆ ನೂರು ಕೋಟಿ ಯೂನಿಟ್ ವಿದ್ಯುತ್ತಿಗೆ ಎಷ್ಟು ಸಾವು ಅಂತ ಲೆಕ್ಕ ಹಾಕಿದ್ದಾರೆ. ಅಪಘಾತ, ಹೊಗೆ ಎರಡೂ ಸೇರಿ. ಕಲ್ಲಿದ್ದಲು ಸುಮಾರು 24. ಜಲವಿದ್ಯುತ್ 1ಕ್ಕಿಂತ ಸ್ವಲ್ಪ ಜಾಸ್ತಿ. ಅಣು 0.1ಕ್ಕೂ ಕಡಿಮೆ. ಜನರನ್ನು ಕೇಳಿ ನೋಡಿ, ಭಯದ ಕ್ರಮ ಪೂರ್ತಿ ಉಲ್ಟಾ ಇರುತ್ತದೆ. ಭಯಕ್ಕೂ ಮಾರ್ಕ್ಸ್ ಕೊಡುತ್ತಾ ಹೋದರೆ ಹೊಗೆ ಕುಡಿದು ಸುಮ್ನೆ ಸಾಯುವವರು ಲೆಕ್ಕಕ್ಕೇ ಸಿಗುವುದಿಲ್ಲ. ಕಲ್ಲಿದ್ದಲಿನ ವಿರುದ್ಧ ಊರೂರಲ್ಲಿ ಮೆರವಣಿಗೆ ಆಗಿದೆಯಾ?

ಕಾಳಿ ದಂಡೆ, ಕಾರವಾರ:

ಮೇಷ್ಟ್ರೇ, ಆ ಜಲವಿದ್ಯುತ್ತಿನ ಸಂಖ್ಯೆಯನ್ನೇ ಸ್ವಲ್ಪ ಬಿಡಿಸಿ ನೋಡಿ. ಅದರ ಬಹುಪಾಲು ಒಂದೇ ದುರಂತದ್ದು. 1975ರಲ್ಲಿ ಚೀನಾದ ಬಾಂಚಾವ್ ಅಣೆಕಟ್ಟು ಒಡೆಯಿತಲ್ಲ, ಅದು. ಅದೊಂದನ್ನು ತೆಗೆದರೆ ಜಲವಿದ್ಯುತ್ ಕೂಡ ತೀರಾ ಕೆಳಗೆ ಇಳಿಯುತ್ತದೆ. ನಿಮ್ಮ ಸರಾಸರಿ ಅಂದರೆ ಇದೇ. ಉಳಿದ ಕಡೆ ಏನೂ ಆಗಿಲ್ಲ, ಒಂದು ಕಡೆ ಎಲ್ಲವೂ ಆಗಿಹೋಗಿದೆ. ನದಿಯ ಕೆಳಗೆ ಕೂತವನಿಗೆ ಆ ಸರಾಸರಿ ಕಟ್ಟಿಕೊಂಡು ಏನಾಗಬೇಕು?

ನಮ್ಮ ಕೈಗಾ ಅಣುಸ್ಥಾವರದ ವಿಷಯಕ್ಕೆ ಬರುತ್ತೇನೆ. ನಾನು ಕೈಗಾ ವಿರೋಧಿ ಅಲ್ಲ. ನಮ್ಮ ನೆಂಟರಿಷ್ಟರೇ ಅಲ್ಲಿ ಕೆಲಸಕ್ಕಿದ್ದಾರೆ. 1ನೇ ಘಟಕ 2018ರ ಕೊನೆಯವರೆಗೆ ಸತತ 962 ದಿನ ನಿಲ್ಲದೆ ಓಡಿತು. ಆಗ ಅದು ವಿಶ್ವದಾಖಲೆ. ಹೆಮ್ಮೆ ಪಡಬೇಕಾದದ್ದೇ. ಅದೇ 1ನೇ ಘಟಕದ ಗುಮ್ಮಟದ ಒಳಪದರ 1994ರ ಮೇ ತಿಂಗಳಲ್ಲಿ ಕಟ್ಟುವಾಗಲೇ ಕುಸಿದಿತ್ತು. ಇಂಧನ ತುಂಬಿರಲಿಲ್ಲ, ಪುಣ್ಯ. 2009ರಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಅನ್ನುವ ವಿಕಿರಣ ವಸ್ತು ಸೇರಿ ಕೆಲಸಗಾರರ ಮೈಗೆ ಹೋಯಿತು. ಯಾರೋ ಬೇಕಂತಲೇ ಹಾಕಿದ್ದು ಅಂತ ಅಧಿಕಾರಿಗಳೇ ಹೇಳಿದರು. ಈ ಮೂರೂ ಸತ್ಯ. ಜನರ ಭಯ ಗಾಳಿಯಿಂದ ಹುಟ್ಟಿದ್ದಲ್ಲ. ಏನಾದರೂ ಆದರೆ ತಮಗೆ ಹೇಳುವವರು ಯಾರು ಅನ್ನುವುದು ಗೊತ್ತಿಲ್ಲದೆ ಹುಟ್ಟಿದ್ದು.

ಅದಕ್ಕೆ ನನ್ನ ಪ್ರಶ್ನೆ ಇದು: ಸುದ್ದಿ ಎಷ್ಟು ಹೊತ್ತಿಗೆ ಬರುತ್ತದೆ, ಯಾರ ಬಾಯಿಂದ ಬರುತ್ತದೆ, ಯಾವ ಭಾಷೆಯಲ್ಲಿ ಬರುತ್ತದೆ? ಅಣೆಕಟ್ಟಿಗೂ ಇದೇ ಪ್ರಶ್ನೆ. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈನಲ್ಲಿ ಕಾಳಿ ಉಕ್ಕಿ ಕದ್ರಾ ಅಣೆಕಟ್ಟಿನ ಕೆಳಗಿನ ಊರುಗಳಿಗೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಗೇಟು ತೆಗೆಯುವ ಮೊದಲು ಎಷ್ಟು ಗಂಟೆ ಸಿಗುತ್ತದೆ ಅನ್ನುವುದರ ಮೇಲೆ ದನ ಬಿಚ್ಚುವುದೋ, ಅಜ್ಜಿಯನ್ನು ಎತ್ತಿಕೊಂಡು ಓಡುವುದೋ ಅನ್ನುವುದು ನಿರ್ಧಾರ ಆಗುತ್ತದೆ. ಆ ಗಂಟೆಗಳನ್ನು ಅಳೆಯಬಹುದು. ಅದೂ ಸಂಖ್ಯೆಯೇ ಮೇಷ್ಟ್ರೇ, ಬೇಕಾದರೆ ದಶಮಾಂಶದಲ್ಲಿ ಬರೆಯಿರಿ.

ಇನ್ನು ಉದ್ಯೋಗ. ಕಟ್ಟುವಾಗ ಸಾವಿರಾರು ಜನ ಬೇಕು. ಕಟ್ಟಿ ಮುಗಿದ ಮೇಲೆ ಯಾರು ಉಳಿಯುತ್ತಾರೆ? ಕಾಯಂ ಎಷ್ಟು, ಗುತ್ತಿಗೆ ಎಷ್ಟು, ಅದರಲ್ಲಿ ಜಾಗ ಕಳೆದುಕೊಂಡ ಮನೆಯವರು ಎಷ್ಟು? ಇದನ್ನೆಲ್ಲ ಬಿಡಿಸದೆ ಉದ್ಯೋಗಕ್ಕೆ 5 ಅಂತ ಬರೆದರೆ ಮಕ್ಕಳಿಗೆ ಸೊನ್ನೆ ಕೊಡಿ ಮೇಡಂ.

ಜೋಯ್ಡಾ ಮಾಸ್ತರ್:

ಕಾಳಿ ದಂಡೆಯವರೇ, ನೀವು ನದಿಯ ತುದಿಯಲ್ಲಿದ್ದೀರಿ, ನಾವು ತಲೆಯಲ್ಲಿದ್ದೇವೆ. ನಮ್ಮ ತಾಲೂಕಿಗೆ ಮೊದಲು ಸೂಪಾ ಅಂತಲೇ ಹೆಸರು. ಅಣೆಕಟ್ಟು ಕಟ್ಟಿದಾಗ ಆ ಊರೇ ನೀರಿನ ಅಡಿ ಹೋಯಿತು. ತಾಲೂಕು ಕಚೇರಿ ಜೋಯ್ಡಾಕ್ಕೆ ಬಂತು, ಜನರನ್ನು ರಾಮನಗರಕ್ಕೆ ಕಳಿಸಿದರು.

ನನ್ನ ತಕರಾರು ಏನಂದ್ರೆ, ನೀವೆಲ್ಲ ಒಂದೊಂದೇ ಯೋಜನೆಗೆ ಮಾರ್ಕ್ಸ್ ಕೊಡುತ್ತಿದ್ದೀರಿ. ಕಾಳಿ ನದಿ ಇರುವುದು 184 ಕಿ.ಮೀ. ಅದರ ಮೇಲೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ. ಕದ್ರಾ ಹಿನ್ನೀರಿನಿಂದಲೇ ಕೈಗಾಕ್ಕೆ ತಣ್ಣಗಿಡುವ ನೀರು. 220 ಮೆಗಾವಾಟ್‌ನ ನಾಲ್ಕು ಘಟಕ ಇವೆ. 700 ಮೆಗಾವಾಟ್‌ನ ಇನ್ನೆರಡಕ್ಕೆ 2018ರಲ್ಲಿ ಅಹವಾಲು ಸಭೆಯೂ ಆಯಿತು. ಅಲ್ಲಿಂದ ಹೊರಟ 400 ಕೆವಿ ಲೈನುಗಳಿಗೆ ಕಾಡಿನಲ್ಲಿ ದಾರಿ. ಇದೆಲ್ಲದರ ಮೇಲೆ ಹುಲಿ ಸಂರಕ್ಷಿತ ಪ್ರದೇಶ ಬೇರೆ. ಒಂದೊಂದಕ್ಕೂ ಬೇರೆ ಬೇರೆ ವರದಿ, ಬೇರೆ ಬೇರೆ ಇಲಾಖೆ. ಒಂದೊಂದರಲ್ಲೂ ಪರಿಣಾಮ ಅಲ್ಪ ಅಂತ ಬರೆದಿರಬಹುದು. ಅದನ್ನೆಲ್ಲ ಒಟ್ಟಿಗೆ ಹೊತ್ತವರು ಇಲ್ಲಿಯ ಕಾಡಂಚಿನ ಸಮುದಾಯಗಳು, ಅದೇ ಕುಣಬಿ ಮನೆಯವರು, ಅದೇ ಸಿದ್ದಿ ಮನೆಯವರು.

ಅದರಲ್ಲೂ ಒಂದು ಸೂಕ್ಷ್ಮ ಇದೆ. ಸಿದ್ದಿಯರಿಗೆ 2003ರಲ್ಲಿ ಪರಿಶಿಷ್ಟ ಪಂಗಡ ಅಂತ ಆಯಿತು. ಕುಣಬಿಗಳು ಇನ್ನೂ ಕೇಳುತ್ತಲೇ ಇದ್ದಾರೆ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಪಂಗಡದವರಿಗೆ ಒಂದು ನಿಯಮ, ಉಳಿದವರಿಗೆ ಮೂರು ತಲೆಮಾರಿನ, ಅಂದರೆ 75 ವರ್ಷದ ಸಾಕ್ಷಿ ತೋರಿಸುವ ನಿಯಮ. ಅಕ್ಕಪಕ್ಕದ ಮನೆ, ಒಂದೇ ಕಾಡು, ಒಂದೇ ಲೈನು ತಲೆ ಮೇಲೆ. ಆದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಹಕ್ಕು ಅನ್ನುವ ಧೈರ್ಯ ಇಬ್ಬರಿಗೂ ಒಂದೇ ಅಲ್ಲ. ನಿಮ್ಮ ಪಟ್ಟಿಯಲ್ಲಿ ಸ್ಥಳೀಯರು ಅಂತ ಒಂದೇ ಸಾಲು ಇದ್ದರೆ ಇದು ಕಾಣುವುದೇ ಇಲ್ಲ.

ಕರೆಂಟಿನ ಕಥೆ ಕೇಳಬೇಡಿ. ತಂತಿ ನಮ್ಮ ತಲೆ ಮೇಲೆ ಹೋಗುತ್ತಿದ್ದಾಗ ನಮ್ಮ ಕೇರಿಯಲ್ಲಿ ಮಕ್ಕಳು ಚಿಮಣಿ ದೀಪದಲ್ಲೇ ಓದುತ್ತಿದ್ದರು.

ಗಜನಿ ನಾಯ್ಕ, ಕುಮಟಾ:

ಮಾಸ್ತರ್ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮದು ಆಗದೇ ಹೋದ ಯೋಜನೆಯ ಕಥೆ. ಅಘನಾಶಿನಿ ನದಿ ಸಮುದ್ರ ಸೇರುವ ತದಡಿಯಲ್ಲಿ 4000 ಮೆಗಾವಾಟ್‌ನ ಕಲ್ಲಿದ್ದಲು ಸ್ಥಾವರ ಅಂತ ಬಂತಲ್ಲ, ನೆನಪಿದೆಯಾ? ಆಗ ಬಂದ ಲೆಕ್ಕದಲ್ಲಿ ಅದು ಖಾಲಿ ಜಾಗ! ಹಿಂದೆ ಉಪ್ಪಿನ ಗದ್ದೆ, ಸಿಗಡಿ ಕೆರೆ ಇದ್ದ ಜಾಗ, ಯಾರಿಗೂ ನಷ್ಟವಿಲ್ಲ ಅನ್ನುವ ಮಾತು.

ಖಾಲಿ ಅಂದರೆ ಏನು ಅಂತ ಬಂದು ನೋಡಬೇಕು. ಮಳೆಗಾಲದಲ್ಲಿ ಗಜನಿಯಲ್ಲಿ, ಅಂದರೆ ಅಳಿವೆಯ ಉಪ್ಪುನೀರಿನ ಗದ್ದೆಯಲ್ಲಿ, ಕಗ್ಗ ಭತ್ತ. ಉಪ್ಪುನೀರು ತಡೆಯುವ ಭತ್ತ ಅದು, ಗೊಬ್ಬರ ಕೇಳುವುದಿಲ್ಲ. ಕೊಯ್ಲು ಆದ ಮೇಲೆ ಕಟ್ಟೆಯ ಬಾಗಿಲು ತೆಗೆದು ನೀರು ಬಿಟ್ಟರೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಇಳಿತದ ಹೊತ್ತಿಗೆ ಅಳಿವೆಯ ಮರಳು ದಿಬ್ಬದ ಮೇಲೆ ಸೊಂಟದ ಮಟ್ಟ ನೀರಲ್ಲಿ ಹೆಂಗಸರು ಕಾಲಲ್ಲಿ ತಡಕಿ ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕುತ್ತಾರೆ. ಬುಟ್ಟಿ ತುಂಬಿದರೆ ಅವತ್ತಿನ ಸಂತೆ ಆಯಿತು. ಅದಕ್ಕೆ ಪಹಣಿ ಇಲ್ಲ, ಪಟ್ಟಾ ಇಲ್ಲ, ಬ್ಯಾಂಕಿನಲ್ಲಿ ಎಂಟ್ರಿ ಇಲ್ಲ. ಪರಿಹಾರದ ಕಾಗದದಲ್ಲಿ ಅವರ ಹೆಸರು ಬರುವುದಾದರೂ ಹೇಗೆ?

2013ರ ಭೂಸ್ವಾಧೀನ ಕಾಯ್ದೆ ಈ ವಿಷಯದಲ್ಲಿ ಪರವಾಗಿಲ್ಲ. ಜಮೀನು ಇಲ್ಲದಿದ್ದರೂ ಮೀನುಗಾರರು, ದೋಣಿಯವರು, ಕಾಡುತ್ಪತ್ತಿ ಆಯುವವರು ಕೂಡ ಬಾಧಿತ ಕುಟುಂಬ ಅಂತ ಬರೆದಿದೆ. ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ ಕಡ್ಡಾಯ ಮಾಡಿದೆ. ತದಡಿ ಯೋಜನೆ ಬಂದಾಗ ಆ ಕಾಯ್ದೆ ಇರಲಿಲ್ಲ. ಜನ ಗಲಾಟೆ ಮಾಡಿದರು, ವಿಜ್ಞಾನಿಗಳು ಅಳಿವೆಯ ಆದಾಯ ಲೆಕ್ಕ ಹಾಕಿ ತೋರಿಸಿದರು, ಯೋಜನೆ ಹಿಂದೆ ಹೋಯಿತು. 2024ರಲ್ಲಿ ಅದೇ ಅಘನಾಶಿನಿ ಅಳಿವೆ ರಾಮ್ಸಾರ್ ತಾಣ, ಅಂದರೆ ಜಗತ್ತೇ ಮಹತ್ವದ್ದು ಅಂತ ಗುರುತಿಸಿದ ಜೌಗು ಪ್ರದೇಶ ಆಯಿತು. ನೋಡಿ, ಖಾಲಿ ಜಾಗಕ್ಕೆ ಸಿಕ್ಕ ಮರ್ಯಾದೆ!

ಗೋಬರ್ ಗ್ಯಾಸ್ ಹೆಗಡೆ, ಸಿದ್ದಾಪುರ:

ನಾಯ್ಕ್ರೇ, ಬಳಚಿನ ಲೆಕ್ಕ ಚೆನ್ನಾಗಿ ಹೇಳಿದಿರಿ. ಅಂಥ ಲೆಕ್ಕ ಹಾಕಿಸುವ ಕೆಲಸ ನಮ್ಮ ಜಿಲ್ಲೆಯಲ್ಲಿ ಮೊದಲೇ ಆಗಿದೆ. ಮೇಡಂ, ನಿಮ್ಮ ಮಕ್ಕಳು ಯುರೋಪಿಗೆ ಹೋಗುವ ಮೊದಲು ಶಿರಸಿ ಪೇಟೆಯಲ್ಲೇ ಒಂದು ಸುತ್ತು ಹಾಕಲಿ.

ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ 210 ಮೆಗಾವಾಟ್ ಯೋಜನೆ ಬಂದಾಗ ತೋಟಗಾರರ ಸಹಕಾರಿ ಸಂಘದವರು 1981ರಲ್ಲಿ ಶಿರಸಿಯಲ್ಲೇ ಒಂದು ವಿಚಾರ ಸಂಕಿರಣ ಇಟ್ಟರು. ಒಂದು ಕಡೆ ವಿಜ್ಞಾನಿಗಳು, ಎಂಜಿನಿಯರುಗಳು, ಇನ್ನೊಂದು ಕಡೆ ಅಡಿಕೆ ತೋಟದವರು. ಯೋಜನೆಯ ಲಾಭ ನಷ್ಟದ ಕಾಗದವನ್ನೇ ನಡುವೆ ಇಟ್ಟುಕೊಂಡು ಸಾಲು ಸಾಲು ಪ್ರಶ್ನೆ ಮಾಡಿದರು. ತೋಟಕ್ಕೆ ಹಾಕಿದ ಬೆಲೆ ಸರಿಯಾ? ಕಾಡಿಗೆ ಹಾಕಿದ ಬೆಲೆ ಸರಿಯಾ? ತೋಟದ ಜೊತೆ ಗೊಬ್ಬರದ ಸೊಪ್ಪು ತರುವ ಕಾಡು, ಸೊಪ್ಪಿನ ಬೆಟ್ಟವೂ ಹೋಗುತ್ತದಲ್ಲ, ಅದು ಎಲ್ಲಿ? ಮರುಲೆಕ್ಕದಲ್ಲಿ ಯೋಜನೆಯ ಲಾಭ ನಿಲ್ಲಲಿಲ್ಲ. ಕೊನೆಗೆ ಯೋಜನೆ ಬದಿಗೆ ಸರಿಯಿತು. ಎರಡು ವರ್ಷ ಬಿಟ್ಟು, 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯಲ್ಲಿ ಮರ ಕಡಿಯುವುದನ್ನು ತಡೆಯಲು ಜನ ಮರ ಅಪ್ಪಿಕೊಂಡರಲ್ಲ, ಆ ಧೈರ್ಯದ ಹಿಂದೆ ಈ ಲೆಕ್ಕದ ಧೈರ್ಯವೂ ಇತ್ತು ಅಂತ ನನ್ನ ನಂಬಿಕೆ.

ಅಲ್ಲೇ ಒಂದು ಮಾತು ಹೇಳಬೇಕು. ಅಡಿಕೆ ಬೆಳೆಗಾರರಿಗೆ ಸಂಘ ಇತ್ತು, ದುಡ್ಡಿತ್ತು, ಓದಿದ ಮಕ್ಕಳಿದ್ದರು. ಸೂಪಾದವರಿಗೆ ಅದಿರಲಿಲ್ಲ. ಕೈಗಾ ವಿಷಯ ಎತ್ತಿಕೊಂಡು 1989ರಲ್ಲಿ ಶಿವರಾಮ ಕಾರಂತರೇ ಲೋಕಸಭೆಗೆ ನಿಂತರೂ ಗೆಲ್ಲಲಿಲ್ಲ. ಯಾವ ಯೋಜನೆ ನಿಂತಿತು, ಯಾವುದು ಮುಂದೆ ಹೋಯಿತು ಅನ್ನುವುದರಲ್ಲಿ ತಂತ್ರಜ್ಞಾನಕ್ಕಿಂತ ಎದುರು ಕೂತವರ ಕಸುವು ಜಾಸ್ತಿ ಕೆಲಸ ಮಾಡಿದೆ. ಮಾರ್ಕ್ಸ್ ಕೊಡುವಾಗ ಇದನ್ನೂ ಬರೆಯಿರಿ.

ಈಗ ನನ್ನ ಹೆಸರಿನ ವಿಷಯ. ನಮ್ಮ ಕಡೆ ಗೋಬರ್ ಗ್ಯಾಸ್ ಗೆದ್ದ ಕಥೆಯನ್ನು ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್‌ಸಿಯವರೇ ಬರೆದಿದ್ದಾರೆ. ಯಾಕೆ ಗೆದ್ದಿತು? ದೀನಬಂಧು ಮಾದರಿಯ ಗ್ಯಾಸ್ ಗುಂಡಿಯ ಇಟ್ಟಿಗೆ ಗುಮ್ಮಟಕ್ಕೆ ಪ್ಲಾಸ್ಟರು ಸರಿಯಾಗದಿದ್ದರೆ ಗ್ಯಾಸ್ ಸೋರುತ್ತದೆ. ಅದು ಗೊತ್ತಿದ್ದ ಗಾರೆ ಕೆಲಸದವರು ಇಲ್ಲೇ ಇದ್ದರು. ಕೆಟ್ಟರೆ ಕರೆದರೆ ಬರುತ್ತಿದ್ದರು. ಗ್ಯಾಸ್ ಬಂದು ಉಳಿದ ಬಗ್ಗಡ, ಸ್ಲರಿ, ಗೊಬ್ಬರವಾಗಿ ತೋಟಕ್ಕೆ ಹೋಗುತ್ತಿತ್ತು. ಒಳಗೆ ಹೊಗೆ ಇಲ್ಲ, ಪಾತ್ರೆ ಮಸಿ ಇಲ್ಲ. ಇದು ಒಂದು ಮುಖ.

ಇನ್ನೊಂದು ಮುಖ ನಮ್ಮ ಮನೆಯವಳನ್ನು ಕೇಳಿ. ಮೊದಲು ಕೊಟ್ಟಿಗೆಗೆ ಸೊಪ್ಪು ಹಾಸುತ್ತಿದ್ದರು, ದನ ತುಳಿದು ಗೊಬ್ಬರ ಆಗುತ್ತಿತ್ತು. ಗ್ಯಾಸಿಗೆ ಸೊಪ್ಪು ಬೆರೆತ ಸಗಣಿ ಆಗುವುದಿಲ್ಲ. ಸಿಮೆಂಟು ನೆಲ ಆಯಿತು. ದಿನಾ ಬೆಳಿಗ್ಗೆ ಸಗಣಿ ಬಾಚಿ, ಅಷ್ಟೇ ನೀರು ಹಾಕಿ, ಗಂಟು ಒಡೆದು ಕಲಸಬೇಕು. 1 ಘನ ಮೀಟರ್ ಗ್ಯಾಸಿಗೆ ಸುಮಾರು 25 ಕೆಜಿ ಸಗಣಿ. ನಮ್ಮ ಮಲೆನಾಡು ಗಿಡ್ಡ ದನ ಬೆಟ್ಟಕ್ಕೆ ಮೇಯಲು ಹೋದರೆ ಅರ್ಧ ಸಗಣಿ ಅಲ್ಲೇ. ಕಲಸುವವರು ಯಾರು? ಸಬ್ಸಿಡಿ ಅರ್ಜಿಗೆ ಸಹಿ ಹಾಕಿದ ನಾನಂತೂ ಅಲ್ಲ! ಸೌದೆಯೂ ಪೂರ್ತಿ ತಪ್ಪಲಿಲ್ಲ. ಬಚ್ಚಲ ಒಲೆಗೆ, ಅಡಿಕೆ ಬೇಯಿಸುವುದಕ್ಕೆ ಇವತ್ತಿಗೂ ಸೌದೆಯೇ. ಈಗ ಮಕ್ಕಳೆಲ್ಲ ಬೆಂಗಳೂರು ಸೇರಿ, ದನ ಕಡಿಮೆಯಾಗಿ, ಎಷ್ಟೋ ಮನೆಯ ಗುಂಡಿ ಖಾಲಿ ಬಿದ್ದಿದೆ. ಯಂತ್ರ ಕೆಟ್ಟಿಲ್ಲ. ಅದನ್ನು ನಡೆಸುವ ಮನೆ ಬದಲಾಯಿತು.

ಲೆಕ್ಕದ ಮೇಷ್ಟ್ರು:

ಹೆಗಡೆಯವರೇ, ಒಪ್ಪಿದೆ. ಯಾರ ಕೈ ಕೆಲಸ ಮಾಡುತ್ತದೆ ಅನ್ನುವುದು ನನ್ನ ಪಟ್ಟಿಯಲ್ಲಿ ಇರಲಿಲ್ಲ.

ಆದರೆ ಒಂದು ಕಷ್ಟದ ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಅಣು ಬೇಡ, ಕಲ್ಲಿದ್ದಲು ಬೇಡ, ಅಣೆಕಟ್ಟು ಬೇಡ, ಸೋಲಾರ್ ಬೇಕು ಅನ್ನುವವರು ಎಷ್ಟೋ ಜನ. ಪಾವಗಡದಲ್ಲಿ 13,000 ಎಕರೆಯಲ್ಲಿ 2050 ಮೆಗಾವಾಟ್ ಸೋಲಾರ್ ಇದೆ. ಸಂಜೆ ಏಳಕ್ಕೆ ಅದು ಸೊನ್ನೆ. ನಿಮ್ಮ ಮನೆಯ ಟಿವಿ, ಮಿಕ್ಸರ್ ಓಡುವುದು ಆಗಲೇ. ಹಗಲಿನದನ್ನು ಎಲ್ಲಾದರೂ ಕೂಡಿಡಬೇಕಲ್ಲ? ಅದಕ್ಕೇ ಶರಾವತಿಯಲ್ಲಿ 2000 ಮೆಗಾವಾಟ್ ಪಂಪ್ಡ್ ಸ್ಟೋರೇಜ್. ಗೇರುಸೊಪ್ಪೆಯ ನೀರನ್ನು ತಳಕಳಲೆಗೆ ಎತ್ತುವುದು, ಬೇಕಾದಾಗ ಕೆಳಗೆ ಬಿಡುವುದು. ನೂರು ಯೂನಿಟ್ ಖರ್ಚು ಮಾಡಿದರೆ 75–80 ವಾಪಸ್ ಬರುತ್ತದೆ. ಎರಡೂ ಜಲಾಶಯ ಆಗಲೇ ಇವೆ, ಹೊಸ ಊರು ಮುಳುಗಿಸಬೇಕಾಗಿಲ್ಲ. ಇದಕ್ಕೂ ಬೇಡ ಅಂದರೆ ಏನು ಮಾಡಬೇಕು?

ಕಾಳಿ ದಂಡೆ:

ಮೇಷ್ಟ್ರೇ, ಬೇಜಾರಿಲ್ಲ. ಕೇಳಬೇಕಾದ ಪ್ರಶ್ನೆಯೇ. ಆದರೆ ಪಾವಗಡದ್ದನ್ನೇ ಪೂರ್ತಿ ಹೇಳಿ. ಅಲ್ಲಿ ಜಮೀನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ತೆಗೆದುಕೊಂಡರು. ರೈತರಿಗೆ ವರ್ಷ ವರ್ಷ ಬಾಡಿಗೆ. ಅದು ಒಳ್ಳೆಯ ದಾರಿ. ಆದರೆ ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆ ಇಲ್ಲ. ನಮ್ಮ ನಾಯ್ಕರು ಹೇಳಿದ ಬಳಚಿನವರ ಕಥೆಯೇ.

ಶರಾವತಿಯಲ್ಲಿ ಊರು ಮುಳುಗುವುದಿಲ್ಲ, ಸರಿ. ಸುರಂಗ, ರಸ್ತೆ, ಲೈನು ಹೋಗುವುದು ಸಿಂಗಳೀಕಗಳ ಅಭಯಾರಣ್ಯದ ಒಳಗೆ. ಅಲ್ಲಿಯವರ ಅಜ್ಜಂದಿರು ಲಿಂಗನಮಕ್ಕಿ ಅಣೆಕಟ್ಟಿಗೆ ಜಾಗ ಬಿಟ್ಟು ಬಂದವರು. ಆ ಸಂತ್ರಸ್ತರಲ್ಲಿ ಇನ್ನೂ ಎಷ್ಟೋ ಜನ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಹಳೆ ಬಾಕಿ ತೀರಿಸದೆ ಹೊಸ ಸಾಲ ಕೇಳಲು ಬಂದರೆ ಯಾರು ಕೊಡುತ್ತಾರೆ ಮಾರಾಯ್ರೇ? ಪಂಪ್ಡ್ ಸ್ಟೋರೇಜ್ ಕೆಟ್ಟ ತಂತ್ರಜ್ಞಾನ ಅಂತ ನಾನೂ ಹೇಳುವುದಿಲ್ಲ. ಬೇರೆ ಜಾಗದಲ್ಲಿ ಅದಕ್ಕೆ 4 ಬೀಳಬಹುದು.

ಜೋಯ್ಡಾ ಮಾಸ್ತರ್:

ಯೋಜನೆಯ ಬಗ್ಗೆ ಜನರನ್ನು ಕೇಳುವ ಅಹವಾಲು ಸಭೆಯ ವಿಷಯ ಒಂದು. ಪರಿಸರ ಪರಿಣಾಮದ 2006ರ ಅಧಿಸೂಚನೆ ಪ್ರಕಾರ 30 ದಿನ ಮೊದಲು ತಿಳಿಸಬೇಕು, ಜಿಲ್ಲಾಧಿಕಾರಿಗಳು ಇಲ್ಲವೇ ಅವರ ಕಡೆಯವರು ಕೂರಬೇಕು. ಸ್ಥಳೀಯ ಭಾಷೆಯಲ್ಲಿ ಕಡ್ಡಾಯ ಇರುವುದು ಸಾರಾಂಶ ಮಾತ್ರ. ದಪ್ಪ ವರದಿ ಇಂಗ್ಲಿಷಿನಲ್ಲಿ. ಶಾಮಿಯಾನದ ಕೆಳಗೆ ಮೈಕು ಸಿಗುವುದು ನಾಲ್ಕು ನಿಮಿಷ. ಅಷ್ಟರಲ್ಲಿ ಜನ ಕೂಗದೆ ಇನ್ನೇನು ಮಾಡುತ್ತಾರೆ?

ಗೋಬರ್ ಗ್ಯಾಸ್ ಹೆಗಡೆ:

ಮಾಡಿನ ಮೇಲಿನ ಸೋಲಾರ್ ಬಗ್ಗೆ ಯಾರೂ ಮಾತಾಡಿಲ್ಲ. ನಾನೇ ಹೇಳುತ್ತೇನೆ. 3 ಕಿಲೋವಾಟ್‌ಗೆ ಕೇಂದ್ರದಿಂದ 78,000 ರೂಪಾಯಿ ಸಬ್ಸಿಡಿ. ಆದರೆ ಇಲ್ಲಿ ರಾಜ್ಯದ ಗೃಹಜ್ಯೋತಿಯಲ್ಲಿ, ಹಿಂದಿನ ಬಳಕೆಗಿಂತ ತೀರಾ ಜಾಸ್ತಿ ಆಗದಿದ್ದರೆ, 200 ಯೂನಿಟ್‌ವರೆಗೆ ಬಿಲ್ಲೇ ಇಲ್ಲ, ಹಳ್ಳಿ ಮನೆಗೆ ಅಷ್ಟು ಸಾಕು. ಯಾರು ಹಾಕಿಸುತ್ತಾರೆ? ಹಾಕಿಸಿದವರಿಗೂ ಇನ್ನೊಂದು ಪಜೀತಿ. ಬ್ಯಾಟರಿ ಇಲ್ಲದ ಗ್ರಿಡ್ ಸೋಲಾರ್, ಲೈನಿನಲ್ಲಿ ಕರೆಂಟು ಹೋದ ಕೂಡಲೇ ತಾನೂ ಆಫ್. ಲೈನ್‌ಮನ್ ಜೀವದ ದೃಷ್ಟಿಯಿಂದ ಅದು ಹಾಗೇ ಇರಬೇಕು. ಆಷಾಢದಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲ, ಮಾಡಿನ ಮೇಲೆ ಲಕ್ಷಾಂತರ ರೂಪಾಯಿಯ ಪ್ಯಾನೆಲ್ಲು, ಒಳಗೆ ಮೇಣದಬತ್ತಿ! ಅದಕ್ಕಿಂತ ಹಿಂದೆ ಗ್ರಾಮೀಣ ಬ್ಯಾಂಕಿನ ಸಾಲದಲ್ಲಿ ಬಂದ ನಾಲ್ಕು ಲೈಟಿನ ಬ್ಯಾಟರಿ ಸೋಲಾರೇ ವಾಸಿ ಇತ್ತು. 1995ರಿಂದ ಸೆಲ್ಕೋ ಅನ್ನುವ ಸೋಲಾರ್ ಕಂಪನಿಯವರು ಕರಾವಳಿ ಮಲೆನಾಡಿನಲ್ಲಿ ಮಾಡಿದ್ದು ಅದನ್ನೇ. ಇನ್ನು ಅರಣ್ಯ ಜಾಗದಲ್ಲಿ ಮನೆ ಕಟ್ಟಿಕೊಂಡ ಅತಿಕ್ರಮಣದ ಮನೆಯವರು. ಮನೆ ನನ್ನದು ಅಂತ ತೋರಿಸಲು ಕಾಗದವೇ ಇಲ್ಲದವನಿಗೆ ಮಾಡಿನ ಸಬ್ಸಿಡಿ ಎಲ್ಲಿಂದ?

ಬೆಟ್ಟದಮನೆ, ಶಿರಸಿ:

ಎಲ್ಲರಿಗೂ ಧನ್ಯವಾದ. ಇದೆಲ್ಲ ಓದಿ ಮಕ್ಕಳ ಜೊತೆ ಕೂತು ಪಟ್ಟಿಯನ್ನು ಒಡೆದು ಹೊಸದು ಮಾಡಿದೆವು. ತಂತ್ರಜ್ಞಾನಕ್ಕೆ ಮಾರ್ಕ್ಸ್ ಇಲ್ಲ. ಒಂದು ಜಾಗದಲ್ಲಿ ಬರುವ ಒಂದು ಯೋಜನೆಗೆ ಮಾತ್ರ. ಅಡ್ಡ ಸಾಲಿನಲ್ಲಿ ಜನರು: ಜಮೀನು ಇರುವವರು, ಇಲ್ಲದವರು, ಅತಿಕ್ರಮಣದವರು, ನದಿಯ ಕೆಳಗಿನವರು, ಗುತ್ತಿಗೆ ಕೆಲಸದವರು, ಮನೆಯೊಳಗೆ ಅದನ್ನು ನಡೆಸುವ ಹೆಂಗಸರು, ಬೆಂಗಳೂರಿನ ಬಳಕೆದಾರರು. ಒಂದು ಸಾಲಿನ ಮಾರ್ಕ್ಸ್ ಇನ್ನೊಂದಕ್ಕೆ ಸೇರುವುದಿಲ್ಲ. ಯಾವುದೇ ಸಾಲಿನಲ್ಲಿ 1 ಬಿದ್ದರೆ ಅದು ಕೆಂಪಾಗಿಯೇ ಉಳಿಯುತ್ತದೆ. ಸರಾಸರಿ ಕಾಲಂ ತೆಗೆದುಬಿಟ್ಟೆವು. ಅದೇ ಜಾಗ ಹಿಂದೆ ಏನೇನು ಕೊಟ್ಟಿದೆ, ಏನು ಬಾಕಿ ಇದೆ ಅನ್ನುವುದಕ್ಕೆ ಮೊದಲ ಪುಟ.

ಮೇಷ್ಟ್ರೇ, ಸಂಖ್ಯೆ ಬಿಟ್ಟಿಲ್ಲ. ಗೇಟು ತೆಗೆಯುವ ಮೊದಲು ಸಿಗುವ ಗಂಟೆ, ರಿಪೇರಿಗೆ ಬರುವವರು ಎಷ್ಟು ದೂರದಲ್ಲಿದ್ದಾರೆ, ಕಾಯಂ ಕೆಲಸದಲ್ಲಿ ಸ್ಥಳೀಯರು ಎಷ್ಟು, ಇವೆಲ್ಲ ಇವೆ.

ಲೆಕ್ಕದ ಮೇಷ್ಟ್ರು:

ಆಯ್ತು. ಯೋಜನೆ ಮಾಡದೇ ಇದ್ದರೆ ಏನು ಅನ್ನುವುದಕ್ಕೂ ಇದೇ ಸಾಲುಗಳಲ್ಲಿ ಮಾರ್ಕ್ಸ್ ಕೊಡಿಸಿ. ಅದಿಲ್ಲದಿದ್ದರೆ ನಾನು ಒಪ್ಪುವುದಿಲ್ಲ. ಸೌದೆ ಒಲೆಯ ಹೊಗೆಯೂ ಲೆಕ್ಕಕ್ಕೆ ಬರಲಿ.

ಬೆಟ್ಟದಮನೆ, ಶಿರಸಿ:

ಸೇರಿಸುತ್ತೇವೆ. ಮಕ್ಕಳು ರಜೆಯಲ್ಲಿ ಮನೆ ಮನೆಗೆ ಬರುತ್ತಾರೆ. ಯಾವಾಗ ಬಂದರೆ ಅನುಕೂಲ?

ಗೋಬರ್ ಗ್ಯಾಸ್ ಹೆಗಡೆ:

ಅಡಿಕೆ ಕೊಯ್ಲಿನ ಸಮಯ ಮಾತ್ರ ಬೇಡ. ಆಗ ಬಂದರೆ ಅವರ ಕೈಗೂ ಒಂದು ಕತ್ತಿ ಕೊಟ್ಟು ಅಡಿಕೆ ಸುಲಿಯಲು ಕೂರಿಸುತ್ತೇವೆ.

ಜೋಯ್ಡಾ ಮಾಸ್ತರ್:

ಕೊಂಕಣಿ ಬರುವ ಒಬ್ಬಳಾದರೂ ಹುಡುಗಿ ಇರಲಿ ಮೇಡಂ. ಕನ್ನಡದಲ್ಲಿ ಕೇಳಿದರೆ ನಮ್ಮ ಕಡೆಯ ಅಜ್ಜಿಯರು ಹೌದು ಹೌದು ಅಂತ ಹೇಳಿ ಚಾ ಕೊಟ್ಟು ಕಳಿಸುತ್ತಾರೆ. ನಿಮ್ಮ ಕಾಗದದಲ್ಲಿ ಎಲ್ಲದಕ್ಕೂ 5 ಬಿದ್ದಿರುತ್ತದೆ.

ಗಜನಿ ನಾಯ್ಕ, ಕುಮಟಾ:

ನಮ್ಮಲ್ಲಿ ಪಂಚಾಂಗ ನೋಡಿಕೊಂಡು ಬನ್ನಿ. ಇಳಿತದ ಹೊತ್ತಿಗೆ ಬಂದರೆ ಮನೆಯಲ್ಲಿ ಗಂಡಸರು ಮಾತ್ರ ಸಿಗುತ್ತಾರೆ, ಎಲ್ಲ ಗೊತ್ತಿದ್ದವರ ಹಾಗೆ ಉತ್ತರವೂ ಕೊಡುತ್ತಾರೆ. ಬಳಚು ಹೆಕ್ಕುವವರು ಬೇಕಾದರೆ ಉಬ್ಬರ ಏರಿದ ಮೇಲೆ ಬನ್ನಿ.